ಎಬೆರಾನ್ ಕೊಳ್ಳುವ ಮೊದಲು: ಸೆಟ್ಟಿಂಗ್ ಪುಸ್ತಕದ ರಿವ್ಯೂ ಓದುವುದು ಹೇಗೆ

ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಎಂಬ, ಪಾತ್ರ ವಹಿಸಿ ಆಡುವ ಆಟಕ್ಕೆ ಎಬೆರಾನ್ ಎಂಬ ಕಲ್ಪನೆಯ ಲೋಕ ಕೊಡುವ ಪುಸ್ತಕ ‘ಎಬೆರಾನ್: ರೈಸಿಂಗ್ ಫ್ರಮ್ ದ ಲಾಸ್ಟ್ ವಾರ್’. 2019ರಲ್ಲಿ ಬಂದಾಗ ಅದರ ಮುಖಬೆಲೆ 49.95 ಡಾಲರ್ ಇತ್ತು. ಅಷ್ಟು ದುಡ್ಡು ಕೊಡುವ ಮೊದಲು ಯಾರಾದರೂ ನಾಲ್ಕು ರಿವ್ಯೂ ಓದಿಯೇ ಓದುತ್ತಾರೆ. ಓದಿದ ಮೇಲೆ ಗೊಂದಲ ಇನ್ನೂ ಜಾಸ್ತಿಯಾಗುತ್ತದೆ. ಒಬ್ಬರು ಐದಕ್ಕೆ ಐದು ಸ್ಟಾರ್ ಕೊಟ್ಟಿರುತ್ತಾರೆ. ಅದರ ಕೆಳಗೇ ಇನ್ನೊಬ್ಬರು ‘ದುಡ್ಡು ದಂಡ’ ಎಂದಿರುತ್ತಾರೆ. ಇಬ್ಬರೂ ಮನಸ್ಸಿನಲ್ಲಿದ್ದದ್ದನ್ನೇ ಬರೆದಿದ್ದಾರೆ. ಅಳೆದದ್ದು ಮಾತ್ರ ಬೇರೆ ಬೇರೆ. ಯಾರು ಏನನ್ನು ಅಳೆಯುತ್ತಿದ್ದಾರೆ ಎಂದು ಪತ್ತೆ ಮಾಡುವುದು ಕಲಿತರೆ ಒಂದು ಸ್ಟಾರಿನ ರಿವ್ಯೂ ಕೂಡ ಉಪಯೋಗಕ್ಕೆ ಬರುತ್ತದೆ. ಅದನ್ನು ಹೇಗೆ ಮಾಡುವುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಭಾನುವಾರ ಸಂಜೆ ಈ ಆಟದ ಒಂದು ಟೇಬಲ್ ನಡೆಸುತ್ತೇನೆ. ಡಿಎಂ, ಅಂದರೆ ಕಥೆ ಕಟ್ಟಿ ಆಟ ನಡೆಸುವವಳು, ನಾನೇ. ಆಡುವವರು ನನ್ನ ತಂಗಿ, ಅವಳ ಗಂಡ, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, ಇಬ್ಬರು ಇಂಜಿನಿಯರಿಂಗ್ ಹುಡುಗರು. ಮಾತುಕತೆಯೆಲ್ಲ ಕನ್ನಡದಲ್ಲೇ. ರೂಲ್ಸ್ ವಿಷಯ ಬಂದಾಗ ಮಾತ್ರ ಇಂಗ್ಲಿಷ್ ಹೆಸರುಗಳು. ನಮ್ಮ ಈಗಿನ ಕ್ಯಾಂಪೇನ್, ಅಂದರೆ ವಾರದಿಂದ ವಾರಕ್ಕೆ ಮುಂದುವರಿಯುವ ಆಟ, ಎಬೆರಾನ್‌ನಲ್ಲೇ ನಡೆಯುತ್ತಿದೆ. ಹಾಗಾಗಿ ಉದಾಹರಣೆಗೂ ಅದೇ ಪುಸ್ತಕ.

ಹೊಸಬರಿಗಾಗಿ ಒಂದು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ ಪುಸ್ತಕಗಳಲ್ಲಿ ಮುಖ್ಯವಾಗಿ ಮೂರು ಬಗೆ. ರೂಲ್‌ಬುಕ್ ಆಟ ಆಡುವುದು ಹೇಗೆ ಎಂದು ಹೇಳುತ್ತದೆ. ಅಡ್ವೆಂಚರ್ ಪುಸ್ತಕ ಒಂದು ಕಥೆ ಕೊಡುತ್ತದೆ. ಸೆಟ್ಟಿಂಗ್ ಪುಸ್ತಕ ಒಂದು ಲೋಕ ಕೊಡುತ್ತದೆ: ನಕ್ಷೆ, ದೇಶಗಳು, ದೇವರುಗಳು, ಒಳಜಗಳಗಳು, ಯಾರಿಗೆ ಯಾರ ಮೇಲೆ ಸಿಟ್ಟು ಎಲ್ಲ. ಕಥೆ ಕಟ್ಟುವ ಕೆಲಸ ಡಿಎಂಗೆ ಸೇರಿದ್ದು. ರಿವ್ಯೂಗಳ ಗೊಂದಲ ಶುರುವಾಗುವುದೂ ಇಲ್ಲೇ. ಸೆಟ್ಟಿಂಗ್ ಪುಸ್ತಕವನ್ನು ಒಬ್ಬರು ಕಾದಂಬರಿ ಓದಿದ ಹಾಗೆ ಓದುತ್ತಾರೆ. ಇನ್ನೊಬ್ಬರು ಅದನ್ನು ಮುಂದಿಟ್ಟುಕೊಂಡು ಆರು ತಿಂಗಳು ಆಟ ನಡೆಸುತ್ತಾರೆ. ಇವರಿಬ್ಬರ ಅಭಿಪ್ರಾಯ ಒಂದೇ ಆಗುವುದು ಅಪರೂಪ.

ಮೊದಲು ಪುಸ್ತಕದ ಹಿನ್ನೆಲೆ ತಿಳಿಯಿರಿ

ರಿವ್ಯೂ ತೆರೆಯುವ ಮೊದಲು ಪುಸ್ತಕ ಎಲ್ಲಿಂದ ಬಂತು ಎಂದು ನೋಡಿಕೊಳ್ಳಿ. ಹತ್ತು ನಿಮಿಷದ ಕೆಲಸ. ಇದು ಗೊತ್ತಿದ್ದರೆ ಅರ್ಧಕ್ಕರ್ಧ ಟೀಕೆಗಳು ತಾವಾಗಿಯೇ ಅರ್ಥವಾಗುತ್ತವೆ.

ಡಿ ಅಂಡ್ ಡಿ ಪ್ರಕಟಿಸುವ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 2002ರಲ್ಲಿ ಹೊಸ ಲೋಕ ಬೇಕು ಎಂದು ಒಂದು ಸ್ಪರ್ಧೆ ಕರೆಯಿತು. ಮೊದಲ ಸುತ್ತಿಗೆ ಒಂದೇ ಪುಟದಲ್ಲಿ ನಿಮ್ಮ ಲೋಕವನ್ನು ವಿವರಿಸಬೇಕು. ಸುಮಾರು 11,000 ಜನ ಕಳಿಸಿದರು. ಕೊನೆಗೆ ಮೂವರು ಉಳಿದರು. ಗೆದ್ದದ್ದು ಕೀತ್ ಬೇಕರ್ ಅವರ ಎಬೆರಾನ್. 2004ರ ಜೂನ್‌ನಲ್ಲಿ 320 ಪುಟದ ‘ಎಬೆರಾನ್ ಕ್ಯಾಂಪೇನ್ ಸೆಟ್ಟಿಂಗ್’ ಹೊರಬಂತು. ಕೀತ್ ಬೇಕರ್ ಜೊತೆಗೆ ಬಿಲ್ ಸ್ಲಾವಿಸೆಕ್ ಮತ್ತು ಜೇಮ್ಸ್ ವಯಟ್ ಬರೆದಿದ್ದರು. ಮುಂದೆ 2009ರಲ್ಲಿ ಆಟದ ರೂಲ್ಸ್‌ನ ನಾಲ್ಕನೇ ಎಡಿಷನ್‌ಗೆ ಒಂದು ಪುಸ್ತಕ ಬಂತು. ಐದನೇ ಎಡಿಷನ್‌ಗೆ 2018ರಲ್ಲಿ ‘ವೇಫೈಂಡರ್ಸ್ ಗೈಡ್’ ಎಂಬ ಪಿಡಿಎಫ್, 2019ರ ನವೆಂಬರ್‌ನಲ್ಲಿ ‘ರೈಸಿಂಗ್ ಫ್ರಮ್ ದ ಲಾಸ್ಟ್ ವಾರ್’ ಬಂದವು.

ಲೋಕದ ಸಾರ ಇಷ್ಟು. ಕೊರ್ವೇರ್ ಎಂಬ ಖಂಡದಲ್ಲಿ ಒಂದು ಕಾಲದಲ್ಲಿ ಒಂದೇ ರಾಜ್ಯದ ಭಾಗವಾಗಿದ್ದ ಐದು ದೇಶಗಳಿವೆ. ಅವು ನೂರು ವರ್ಷ ತಮ್ಮ ತಮ್ಮಲ್ಲೇ ಹೊಡೆದಾಡಿವೆ. ಆ ಯುದ್ಧ ಈಗಷ್ಟೇ ನಿಂತಿದೆ. ಮಂತ್ರವಿದ್ಯೆ ಇಲ್ಲಿ ದಿನನಿತ್ಯದ ಸೌಕರ್ಯ. ಮಿಂಚಿನ ಶಕ್ತಿಯ ರೈಲು ಓಡುತ್ತದೆ, ಆಕಾಶದಲ್ಲಿ ಹಡಗು ಹಾರುತ್ತದೆ. ಯುದ್ಧಕ್ಕೆಂದೇ ತಯಾರಿಸಿದ, ಆದರೆ ಜೀವವೂ ಯೋಚನೆಯೂ ಇರುವ ವಾರ್‌ಫೋರ್ಜ್ಡ್ ಎಂಬ ಜನ ಈಗ ಕೆಲಸವಿಲ್ಲದೆ ಊರೂರು ತಿರುಗುತ್ತಿದ್ದಾರೆ. ವ್ಯಾಪಾರವೆಲ್ಲ ಡ್ರಾಗನ್‌ಮಾರ್ಕ್ಡ್, ಅಂದರೆ ಮೈಮೇಲೆ ಮಂತ್ರಶಕ್ತಿಯ ಗುರುತು ಮೂಡುವ, ಮನೆತನಗಳ ಹಿಡಿತದಲ್ಲಿದೆ. ರೈಲು ಓರಿಯನ್ ಮನೆತನದ್ದು. ಆಸ್ಪತ್ರೆಗಳು ಜೊರಾಸ್ಕೊ ಮನೆತನದ್ದು. ವಾರ್‌ಫೋರ್ಜ್ಡ್‌ಗಳನ್ನು ತಯಾರಿಸಿದ್ದು ಕ್ಯಾನಿತ್ ಮನೆತನ.

ಇಷ್ಟು ಗೊತ್ತಿದ್ದರೆ 2004ರಿಂದ ಕೇಳಿಬರುವ ಒಂದು ಟೀಕೆ ಎಲ್ಲಿಂದ ಹುಟ್ಟಿತು ಎಂದು ತಿಳಿಯುತ್ತದೆ. ‘ರೈಲು, ಯಂತ್ರಮಾನವ ಎಲ್ಲ ಇದ್ದರೆ ಅದು ಡಿ ಅಂಡ್ ಡಿ ಹೇಗಾಗುತ್ತದೆ?’ ಕೋಟೆ, ಕಾಡು, ಕುದುರೆಯ ಲೋಕ ಬಯಸುವವರು ಕೇಳುವ ಪ್ರಶ್ನೆ ಇದು. ಪುಸ್ತಕ ಕೆಟ್ಟದ್ದು ಎಂಬುದಕ್ಕೆ ಇದು ಸಾಕ್ಷಿ ಅಲ್ಲ. ಓದುವವರ ರುಚಿ ಯಾವುದು ಎಂದು ಮಾತ್ರ ಇದರಿಂದ ತಿಳಿಯುತ್ತದೆ. ನಿಮಗೂ ಅದೇ ರುಚಿ ಇದ್ದರೆ ಆ ರಿವ್ಯೂ ನಂಬಿ, ಪುಸ್ತಕ ಕೊಳ್ಳಬೇಡಿ. ನಿಮಗೆ ಪತ್ತೇದಾರಿ ಕಥೆ, ಬೇಹುಗಾರಿಕೆ, ಚಲಿಸುವ ರೈಲಿನ ಮೇಲೆ ಹೊಡೆದಾಟ ಇಷ್ಟವಿದ್ದರೆ ಅದೇ ರಿವ್ಯೂ ನಿಮಗೆ ಕೊಳ್ಳಿ ಎಂದು ಹೇಳುತ್ತಿದೆ.

ಓದಿ ಬರೆದದ್ದೋ, ಆಡಿ ಬರೆದದ್ದೋ?

ನಾನು ಎಲ್ಲಕ್ಕಿಂತ ಮೊದಲು ಹುಡುಕುವುದು ಇದನ್ನೇ. ಪುಸ್ತಕ ಬಿಡುಗಡೆಯಾಗುವ ವಾರ ಬರುವ ರಿವ್ಯೂಗಳಲ್ಲಿ ಹೆಚ್ಚಿನವು ಪುಸ್ತಕ ತಿರುವಿ ಹಾಕಿ ಬರೆದವು. ಪ್ರಕಾಶಕರು ಮುಂಚಿತವಾಗಿ ಪ್ರತಿ ಕಳಿಸಿರುತ್ತಾರೆ. ಬರೆಯುವವರಿಗೆ ಕೆಲವೇ ದಿನ ಸಿಕ್ಕಿರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಯಾವ ಅಧ್ಯಾಯದಲ್ಲಿ ಏನಿದೆ, ಚಿತ್ರ ಹೇಗಿವೆ, ಯಾವ ಹೊಸ ಕ್ಲಾಸ್ (ಪಾತ್ರದ ವೃತ್ತಿ) ಬಂದಿದೆ ಎಂದು ತಿಳಿಯಲು ಅವು ಚೆನ್ನಾಗಿರುತ್ತವೆ. ಆದರೆ ಪುಸ್ತಕ ಟೇಬಲ್ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅವರಿಗೆ ಇನ್ನೂ ಗೊತ್ತಾಗಿರುವುದಿಲ್ಲ.

ಆಡಿ ಬರೆದವರನ್ನು ಗುರುತಿಸುವುದು ಕಷ್ಟವಿಲ್ಲ. ಅವರ ಬರಹದಲ್ಲಿ ಆಟಗಾರರು ಇರುತ್ತಾರೆ. ‘ನಮ್ಮ ಗುಂಪು ಪೇಟ್ರನ್ (ಗುಂಪಿಗೆ ಕೆಲಸ ಕೊಡುವ ಪೋಷಕ) ಆಗಿ ಪತ್ರಿಕೆಯನ್ನು ಆರಿಸಿಕೊಂಡಿತು, ಮೂರನೇ ಸೆಷನ್ ಹೊತ್ತಿಗೆ ಎಲ್ಲರೂ ವರದಿಗಾರರ ಹಾಗೆ ಪ್ರಶ್ನೆ ಕೇಳುತ್ತಿದ್ದರು’ ಎಂಬಂಥ ಮಾತು ಇರುತ್ತದೆ. ಪುಸ್ತಕದ ಯಾವ ಪಟ್ಟಿಯಿಂದ ಡೈಸ್ ಹಾಕಿ ಹುಕ್ (ಕಥೆ ಶುರುಮಾಡುವ ಎಳೆ) ತೆಗೆದರು, ಯಾವ ಪುಟಕ್ಕೆ ಮತ್ತೆ ಮತ್ತೆ ಹೋದರು, ಯಾವುದನ್ನು ಬಿಟ್ಟರು ಎಂದು ಹೇಳುತ್ತಾರೆ. ಓದಿ ಬರೆದವರು ‘ಸಮೃದ್ಧವಾದ ಲೋಕ’, ‘ಅದ್ಭುತ ಕಲ್ಪನೆ’ ಎನ್ನುತ್ತಾರೆ. ಆ ಎರಡು ಮಾತಿನಿಂದ ಭಾನುವಾರದ ಆಟಕ್ಕೆ ಏನೂ ಸಿಗುವುದಿಲ್ಲ.

2019ರ ಪುಸ್ತಕವನ್ನು ಈ ಕಣ್ಣಿನಿಂದ ನೋಡಿ. ಅದರಲ್ಲಿ ಶಾರ್ನ್ ನಗರಕ್ಕೆ ಒಂದು ಇಡೀ ಅಧ್ಯಾಯ ಇದೆ. ಅಡ್ವೆಂಚರ್ ಕಟ್ಟುವುದು ಹೇಗೆ ಎಂಬ ಇನ್ನೊಂದು ಅಧ್ಯಾಯದಲ್ಲಿ ಪುಟಗಟ್ಟಲೆ ಡೈಸ್ ಟೇಬಲ್‌ಗಳಿವೆ (ಡೈಸ್ ಹಾಕಿ ಆರಿಸುವ ಪಟ್ಟಿಗಳು), ಮನೆತನಗಳಿಗೆ, ಖಳರ ಗುಂಪುಗಳಿಗೆ, ಜಾಗಗಳಿಗೆ. ಸುಮ್ನೆ ಓದಿಕೊಂಡು ಹೋಗುವವರಿಗೆ ಈ ಟೇಬಲ್‌ಗಳು ಬೋರು. ಡಿಎಂಗೆ ಅದೇ ಚಿನ್ನ. ಶನಿವಾರ ರಾತ್ರಿ ಏನೂ ಹೊಳೆಯದಿದ್ದಾಗ ನಾನು ತೆರೆಯುವುದು ಅದೇ ಅಧ್ಯಾಯವನ್ನು. ಇತ್ತ ದೇಶಗಳ ವಿವರ ಚಿಕ್ಕದು. ಒಂದೊಂದು ದೇಶಕ್ಕೂ ಕೆಲವೇ ಪುಟ. ಕೊರ್ವೇರ್ ಬಿಟ್ಟು ಬೇರೆ ಖಂಡಗಳಿಗೆ ಇನ್ನೂ ಕಡಿಮೆ. ಝೆನ್‌ಡ್ರಿಕ್ ಖಂಡದ ಕಾಡಿನಲ್ಲೇ ಆಟ ನಡೆಸಬೇಕು ಎಂದುಕೊಂಡವರಿಗೆ ಈ ಪುಸ್ತಕ ಸಾಲದು. ಅವರು ನಿರಾಸೆಯಿಂದ ಎರಡು ಸ್ಟಾರ್ ಕೊಟ್ಟರೆ ಅದು ನ್ಯಾಯವೇ. ಶಾರ್ನ್‌ನಲ್ಲಿ ಆಟ ನಡೆಸುವ ನನಗೆ ಆ ಎರಡು ಸ್ಟಾರ್ ಲೆಕ್ಕಕ್ಕಿಲ್ಲ.

‘ಉತ್ತರ ಕೊಟ್ಟಿಲ್ಲ’ ಎಂಬ ದೂರು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಸೆಟ್ಟಿಂಗ್ ಪುಸ್ತಕದ ರಿವ್ಯೂ ಓದುವಾಗ ಜನ ಜಾಸ್ತಿ ಎಡವುವುದು ಇಲ್ಲೇ ಎಂದು ನನಗೆ ಅನಿಸುತ್ತದೆ.

ಎಬೆರಾನ್‌ನ ಐದು ದೇಶಗಳಲ್ಲಿ ಸೈರ್ ಕೂಡ ಒಂದು. ಅವರ ಕಾಲಗಣನೆಯ 994ನೇ ವರ್ಷ, ಒಂದೇ ದಿನದಲ್ಲಿ ಆ ದೇಶ ಇಲ್ಲವಾಯಿತು. ಬೂದು ಬಣ್ಣದ ಮಂಜು ಗಡಿಗುಂಟ ಗೋಡೆಯ ಹಾಗೆ ನಿಂತಿತು. ಒಳಗೆ ಸಿಕ್ಕಿಬಿದ್ದವರು ಸತ್ತರು. ಆ ದಿನವನ್ನು ಡೇ ಆಫ್ ಮೌರ್ನಿಂಗ್ ಎನ್ನುತ್ತಾರೆ. ಉಳಿದ ದೇಶಗಳು ಹೆದರಿ ಎರಡೇ ವರ್ಷದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಹಾಗೆ ಯುದ್ಧ ನಿಂತಿತು. ಕ್ಯಾಂಪೇನ್ ಶುರುವಾಗುವುದು 998ರಲ್ಲಿ.

ಇದು ಯಾಕಾಯಿತು? ಯಾರು ಮಾಡಿದರು? ಪುಸ್ತಕ ಹೇಳುವುದಿಲ್ಲ. 2004ರಲ್ಲೂ ಹೇಳಲಿಲ್ಲ, 2009ರಲ್ಲೂ ಇಲ್ಲ, 2019ರಲ್ಲೂ ಇಲ್ಲ. ಬೇಕೆಂದೇ ಬಿಟ್ಟಿದ್ದಾರೆ. ಪ್ರತಿ ಟೇಬಲ್‌ನ ಡಿಎಂ ತನ್ನ ಉತ್ತರ ತಾನೇ ತೀರ್ಮಾನಿಸಲಿ ಎಂಬುದು ಉದ್ದೇಶ. ಲೋಕದ ಅತಿ ದೊಡ್ಡ ಪ್ರಶ್ನೆಗೆ ಉತ್ತರ ಇಲ್ಲ ಎಂದರೆ ಕಾದಂಬರಿ ಓದುವ ಮನಸ್ಸಿಗೆ ಅದು ಮೋಸ ಅನಿಸುತ್ತದೆ. ಆಟ ನಡೆಸುವ ಮನಸ್ಸಿಗೆ ಅದೇ ದೊಡ್ಡ ಉಡುಗೊರೆ.

ನಮ್ಮ ಟೇಬಲ್‌ನಲ್ಲಿ ತಂಗಿಯ ಗಂಡ ಆಡುವುದು ಒಬ್ಬ ವಾರ್‌ಫೋರ್ಜ್ಡ್ ಪಾತ್ರ. ಸೈರ್ ದೇಶದ ಸೈನ್ಯದಲ್ಲಿದ್ದವನು. ಆ ದಿನ ಗಡಿಯ ಹೊರಗಿದ್ದ ಕಾರಣ ಬದುಕಿ ಉಳಿದವನು. ಒಂದು ಸಂಜೆ ತಂಗಿ ಆಟ ನಿಲ್ಲಿಸಿ ಕೇಳಿದಳು, ‘ಅಕ್ಕಾ, ನಿಜ ಹೇಳು, ಪುಸ್ತಕದಲ್ಲಿ ಏನಿದೆ? ಯಾರು ಮಾಡಿದ್ದು?’ ‘ಪುಸ್ತಕದಲ್ಲಿ ಇಲ್ಲ ಕಣೇ, ನೀವೇ ಹುಡುಕಬೇಕು’ ಎಂದೆ. ಅಲ್ಲಿಂದ ಆಚೆ ಅವರೆಲ್ಲ ಆಡುವ ರೀತಿಯೇ ಬದಲಾಯಿತು. ಇಂಟರ್‌ನೆಟ್‌ನಲ್ಲಿ ಹುಡುಕಿದರೂ ಸಿಗದ ಉತ್ತರ ತಮ್ಮ ಟೇಬಲ್‌ನಲ್ಲಿ ಮಾತ್ರ ಇದೆ ಎಂದು ಗೊತ್ತಾದರೆ ಆಟಗಾರರಿಗೆ ಬರುವ ಹುಮ್ಮಸ್ಸೇ ಬೇರೆ.

ಆದರೆ ಎಲ್ಲ ಖಾಲಿ ಜಾಗವೂ ಉಡುಗೊರೆಯಲ್ಲ. ಇದನ್ನು ಬೇರ್ಪಡಿಸುವುದು ಕಲಿಯಬೇಕು. 2022ರ ಆಗಸ್ಟ್‌ನಲ್ಲಿ ‘ಸ್ಪೆಲ್‌ಜ್ಯಾಮರ್: ಅಡ್ವೆಂಚರ್ಸ್ ಇನ್ ಸ್ಪೇಸ್’ ಬಂತು. ತಲಾ 64 ಪುಟದ ಮೂರು ಪುಸ್ತಕಗಳ ಪೆಟ್ಟಿಗೆ, ಬೆಲೆ 69.99 ಡಾಲರ್. ಆಕಾಶದಲ್ಲಿ ಹಡಗು ಓಡಿಸುವ ಲೋಕ ಅದು. ಅಂಥ ಪುಸ್ತಕದಲ್ಲಿ ಹಡಗು ಹಡಗಿನ ನಡುವಿನ ಯುದ್ಧಕ್ಕೆ ರೂಲ್ಸ್ ತೀರಾ ಕಡಿಮೆ ಎಂದು ತುಂಬಾ ಜನ ಬರೆದರು. ಈ ದೂರು ಸರಿಯಾದದ್ದೇ. ಸೈರ್ ಯಾಕೆ ನಾಶವಾಯಿತು ಎಂಬುದನ್ನು ಡಿಎಂ ಕಲ್ಪಿಸಿಕೊಳ್ಳಬಹುದು, ಅದು ಖುಷಿಯ ಕೆಲಸ. ಹಡಗಿನ ಯುದ್ಧಕ್ಕೆ ರೂಲ್ಸ್ ಬರೆಯುವುದು ದುಡ್ಡು ತೆಗೆದುಕೊಂಡವರ ಕೆಲಸ. ರಿವ್ಯೂನಲ್ಲಿ ‘ಅದಿಲ್ಲ, ಇದಿಲ್ಲ’ ಎಂದು ಕಂಡಾಗೆಲ್ಲ ಈ ಪ್ರಶ್ನೆ ಕೇಳಿಕೊಳ್ಳಿ: ಇಲ್ಲದ್ದು ಕಥೆಯೋ, ಸಲಕರಣೆಯೋ? ಕಥೆಯಾದರೆ ಚಿಂತೆ ಬೇಡ. ಸಲಕರಣೆಯಾದರೆ ಹತ್ತು ಸಲ ಯೋಚಿಸಿ.

ಸಂಖ್ಯೆಗಳ ಬಗ್ಗೆ

ಕೆಲವರು ಜನಸಂಖ್ಯೆ, ದೂರ, ಬೆಲೆಪಟ್ಟಿ ಹಿಡಿದು ಟೀಕಿಸುತ್ತಾರೆ. ಎಬೆರಾನ್‌ಗೆ ಈ ಟೀಕೆ ಬಂದದ್ದು ನ್ಯಾಯವಾಗಿಯೇ. ಶಾರ್ನ್ ಎಂದರೆ ಮೈಲಿ ಎತ್ತರದ ಗೋಪುರಗಳ ನಗರ, ಖಂಡದಲ್ಲೇ ದೊಡ್ಡದು. ಪುಸ್ತಕ ಅದಕ್ಕೆ ಕೊಡುವ ಜನಸಂಖ್ಯೆ ಸುಮಾರು 2 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಬೀದರ್ ಪಟ್ಟಣಕ್ಕೆ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಮೈಲಿ ಎತ್ತರದ ಗೋಪುರಗಳಲ್ಲಿ ಬೀದರ್‌ನಷ್ಟು ಜನ ಹರಡಿಕೊಂಡರೆ ಮಹಡಿಗೆ ಮಹಡಿಯೇ ಖಾಲಿ ಬಿದ್ದಿರುತ್ತದೆ, ಅಲ್ವಾ? ಅಷ್ಟು ದೊಡ್ಡ ಖಂಡಕ್ಕೆ ಕೊಟ್ಟ ಜನಸಂಖ್ಯೆ ಕಡಿಮೆಯಾಯಿತು ಎಂದು ಕೀತ್ ಬೇಕರ್ ಅವರೇ ಒಪ್ಪಿದ್ದಾರೆ. ನಾನು ನಮ್ಮ ಟೇಬಲ್‌ನಲ್ಲಿ ಒಂದು ಸೊನ್ನೆ ಸೇರಿಸಿಕೊಂಡೆ, ಮುಗಿಯಿತು. ಟೀಕೆ ನಿಜ, ಆದರೆ ಸರಿಪಡಿಸಲು ಒಂದು ಪೆನ್ಸಿಲ್ ಸಾಕು. ಇಂಥ ತಪ್ಪಿಗಾಗಿ ಪುಸ್ತಕ ಬಿಡಬೇಕಿಲ್ಲ.

ಕಾಗದ, ಬೈಂಡಿಂಗ್, ಅಚ್ಚಿನ ತಪ್ಪುಗಳ ಬಗ್ಗೆ ಬರೆದದ್ದನ್ನು ಒಮ್ಮೆ ಕಣ್ಣಾಡಿಸಿ. ಪಿಡಿಎಫ್ ಕೊಳ್ಳುವವರಿಗೆ ಅದರಲ್ಲಿ ಹೆಚ್ಚಿನದು ಬೇಕಿಲ್ಲ.

ಹಳೆಯ ಅಭಿಮಾನಿಗಳ ಸಿಟ್ಟು

ಈ ಬಗೆಯ ರಿವ್ಯೂ ಅರ್ಥವಾಗಬೇಕಾದರೆ 2008ರಲ್ಲಿ ಏನಾಯಿತು ಎಂದು ತಿಳಿದಿರಬೇಕು. ಫರ್ಗಾಟನ್ ರೆಲ್ಮ್ಸ್ ಎಂಬುದು ಕೆನಡಾದ ಎಡ್ ಗ್ರೀನ್‌ವುಡ್ ಚಿಕ್ಕ ವಯಸ್ಸಿನಿಂದ ಕಟ್ಟಿದ ಲೋಕ. 1987ರಲ್ಲಿ ಮೊದಲ ಪೆಟ್ಟಿಗೆ ಬಂತು. ಅಲ್ಲಿಂದ ಇಪ್ಪತ್ತು ವರ್ಷ ಪುಸ್ತಕಗಳು, ಕಾದಂಬರಿಗಳು, ಕಂಪ್ಯೂಟರ್ ಆಟಗಳು ಬಂದು ಲಕ್ಷಾಂತರ ಜನರಿಗೆ ಅದು ಮನೆಯ ಹಾಗಾಗಿತ್ತು. ನಾಲ್ಕನೇ ಎಡಿಷನ್‌ಗಾಗಿ 2008ರಲ್ಲಿ ಬಂದ ‘ಫರ್ಗಾಟನ್ ರೆಲ್ಮ್ಸ್ ಕ್ಯಾಂಪೇನ್ ಗೈಡ್’ ಕಥೆಯನ್ನು ಸುಮಾರು ನೂರು ವರ್ಷ ಮುಂದಕ್ಕೆ ಒಯ್ದಿತು. ಸ್ಪೆಲ್‌ಪ್ಲೇಗ್ ಎಂಬ ಮಹಾ ವಿಪತ್ತು ನಡೆದುಹೋಗಿದೆ. ಮಂತ್ರದ ದೇವತೆ ಮಿಸ್ಟ್ರಾ ಸತ್ತಿದ್ದಾಳೆ. ಇದ್ದ ದೇಶಗಳು ಮಾಯವಾಗಿವೆ, ಹೊಸ ನೆಲ ಬಂದು ಕೂತಿದೆ. ಜನರ ಮೆಚ್ಚಿನ ಪಾತ್ರಗಳಲ್ಲಿ ಎಷ್ಟೋ ಮಂದಿ ತೀರಿಕೊಂಡಿದ್ದಾರೆ.

ಬಂದ ಸಿಟ್ಟು ಸಣ್ಣದಲ್ಲ. ಹಳೆಯ ಅಭಿಮಾನಿಗಳು ಪುಸ್ತಕದ ಪ್ರತಿ ಪುಟದಲ್ಲೂ ಕಳೆದುಕೊಂಡದ್ದನ್ನೇ ಕಂಡರು. ಅದೇ ಪುಸ್ತಕ ಹೊಸದಾಗಿ ಬಂದವರಿಗೆ ಹಗುರ ಅನಿಸಿತು. ಇಪ್ಪತ್ತು ವರ್ಷದ ಚರಿತ್ರೆ ಬಾಯಿಪಾಠ ಮಾಡದೆಯೇ ಆಟ ಶುರುಮಾಡಬಹುದಿತ್ತು. ಮುಂದೆ ಐದನೇ ಎಡಿಷನ್ ಹೊತ್ತಿಗೆ ಕಂಪನಿಯೇ ‘ದ ಸಂಡರಿಂಗ್’ ಎಂಬ ಘಟನೆ ತಂದು ಸತ್ತ ದೇವರುಗಳನ್ನೂ ಹೋದ ದೇಶಗಳನ್ನೂ ಬಹುಪಾಲು ವಾಪಸ್ ತಂದಿತು. ಓದುಗರ ಸಿಟ್ಟಿಗೆ ಎಷ್ಟು ಬಲ ಇದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಹವ್ಯಾಸದಲ್ಲಿ ನನಗೆ ಕಂಡಿಲ್ಲ.

ಹಾಗಾಗಿ ‘ಲೋಕ ಹಾಳುಮಾಡಿದರು’ ಎಂಬ ರಿವ್ಯೂ ಸಿಕ್ಕಿದಾಗ ಅದನ್ನು ತಳ್ಳಿಹಾಕಬೇಡಿ. ಬರೆದವರು ಆ ಲೋಕವನ್ನು ಪ್ರೀತಿಸಿದವರು. ನಿಮಗೆ ಹಳೆಯ ಪುಸ್ತಕಗಳ ಪರಿಚಯ ಇದೆಯೇ, ನಿಮ್ಮ ಆಟಗಾರರು ಹಳೆಯ ಕಾದಂಬರಿ ಓದಿದವರೇ ಎಂದು ನೋಡಿಕೊಳ್ಳಿ. ಇದ್ದರೆ ಆ ಸಿಟ್ಟು ನಿಮ್ಮ ಟೇಬಲ್‌ಗೂ ಬರುತ್ತದೆ. ಎಬೆರಾನ್‌ನಲ್ಲಿ ಈ ಸಮಸ್ಯೆ ಇಲ್ಲ. ಯಾವ ಎಡಿಷನ್ ಬಂದರೂ ಕಥೆ 998ರಲ್ಲೇ ಶುರು. ಇಪ್ಪತ್ತು ವರ್ಷ ಹಳೆಯ ಪುಸ್ತಕದ ವಿವರ ಇವತ್ತಿನ ಆಟಕ್ಕೂ ನಡೆಯುತ್ತದೆ. ನಾನು ದೇಶಗಳ ವಿವರಕ್ಕೆ ಈಗಲೂ 2004ರ ಪುಸ್ತಕವನ್ನೇ ತೆರೆಯುತ್ತೇನೆ. ಡಿಎಂಸ್ ಗಿಲ್ಡ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಅದರ ಪಿಡಿಎಫ್ ಸಿಗುತ್ತದೆ.

ತಾರೀಖು ನೋಡಿ

‘ವೇಫೈಂಡರ್ಸ್ ಗೈಡ್’ 2018ರಲ್ಲಿ ಬಂದಾಗ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಆಮೇಲೆ ಅದಕ್ಕೆ ಆರ್ಟಿಫಿಸರ್ ಎಂಬ ಕ್ಲಾಸ್ ಸೇರಿತು, ತಿದ್ದುಪಡಿಗಳು ಬಂದವು. ಮೊದಲ ವಾರದಲ್ಲಿ ಬರೆದ ರಿವ್ಯೂ ಮುಂದಿನ ವರ್ಷದ ಪಿಡಿಎಫ್‌ಗೆ ಹೊಂದುವುದಿಲ್ಲ. ಸ್ಪೆಲ್‌ಜ್ಯಾಮರ್‌ನದು ಇನ್ನೂ ಗಂಭೀರ ವಿಷಯ. ಅದರಲ್ಲಿ ಹ್ಯಾಡೋಝೀ ಎಂಬ ಕೋತಿಯಂಥ ಜನರಿದ್ದರು. ಅವರನ್ನು ಒಬ್ಬ ಮಾಂತ್ರಿಕ ಸೆರೆಹಿಡಿದು, ಮದ್ದು ಕೊಟ್ಟು ಬುದ್ಧಿ ಬರಿಸಿದ ಎಂಬ ಹಿನ್ನೆಲೆ ಬರೆದಿದ್ದರು. ಜೊತೆಗೆ ಒಂದು ಚಿತ್ರವೂ ಇತ್ತು. ಅಮೆರಿಕದಲ್ಲಿ ಕಪ್ಪು ಜನರನ್ನು ಗುಲಾಮರನ್ನಾಗಿ ಮಾಡಿದ, ಅವರನ್ನು ಅಣಕಿಸಿದ ಚರಿತ್ರೆ ಅದರಲ್ಲಿ ನೇರವಾಗಿ ಕಾಣುತ್ತಿತ್ತು. ಓದುಗರು ಪ್ರಶ್ನಿಸಿದರು. 2022ರ ಸೆಪ್ಟೆಂಬರ್ 2ರಂದು ಕಂಪನಿ ಕ್ಷಮೆ ಕೇಳಿ ಆ ಭಾಗವನ್ನು ಡಿಜಿಟಲ್ ಪ್ರತಿಯಿಂದ ತೆಗೆಯಿತು. ಬಿಡುಗಡೆಗೆ ಮುಂಚೆ ಬರೆದ ರಿವ್ಯೂನಲ್ಲಿ ಈ ಕ್ಷಮೆ ಸಿಗುವುದಿಲ್ಲ. ಸೆಪ್ಟೆಂಬರ್ ಆದ ಮೇಲೆ ಡಿಜಿಟಲ್ ಪ್ರತಿ ಕೊಂಡವರಿಗೆ ಆ ಸಾಲುಗಳೇ ಸಿಗುವುದಿಲ್ಲ. ಎರಡೂ ಕಡೆಯ ಬರಹ ಓದಿ.

ನಮ್ಮ ಕಡೆಯ ಲೋಕ ಬಂದಾಗ

ಇಲ್ಲಿ ನಮಗೆ ಅಮೆರಿಕದ ವಿಮರ್ಶಕರಿಗಿಂತ ಜಾಸ್ತಿ ಹೇಳುವುದಿದೆ. 2021ರ ‘ವ್ಯಾನ್ ರಿಕ್ಟನ್ಸ್ ಗೈಡ್ ಟು ರೇವನ್‌ಲಾಫ್ಟ್’ನಲ್ಲಿ ಕಲಕೇರಿ ಎಂಬ ಭಾರತೀಯ ಛಾಯೆಯ ನಾಡು ಇದೆ. ಬರೆದವರು ಅಜಿತ್ ಜಾರ್ಜ್. ಮರುವರ್ಷ ಅವರೂ ಎಫ್. ವೆಸ್ಲಿ ಶ್ನೈಡರ್ ಅವರೂ ಮುಂದೆ ನಿಂತು ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಾಡೆಲ್’ ತಂದರು. ಹದಿಮೂರು ಅಡ್ವೆಂಚರ್‌ಗಳು, ಪ್ರತಿಯೊಂದರ ಜೊತೆ ಒಂದು ಹೊಸ ನಾಡಿನ ಕಿರು ಪರಿಚಯ, ಬರೆದವರೆಲ್ಲ ಕಪ್ಪು ಮತ್ತು ಕಂದು ಬಣ್ಣದ ಲೇಖಕರು. ಕೋಲ್ಕತ್ತಾ ಮೂಲದ ಮಿಮಿ ಮೊಂಡಲ್ ಬರೆದ ಅಡ್ವೆಂಚರ್‌ಗೆ ಬಂಗಾಳದ ನದಿಸೀಮೆಯ ಛಾಯೆ ಇದೆ. ಆಟಗಳ ಬರವಣಿಗೆಗೆ ಕೊಡುವ ನೆಬ್ಯುಲಾ ಪ್ರಶಸ್ತಿಯ ಅಂತಿಮ ಪಟ್ಟಿಗೂ ಈ ಪುಸ್ತಕ ಬಂತು.

ಇಂಥ ಪುಸ್ತಕಗಳ ರಿವ್ಯೂನಲ್ಲಿ ‘ಅಧಿಕೃತ’, ‘ನೈಜ’ ಎಂಬ ಮಾತು ಪದೇ ಪದೇ ಬರುತ್ತದೆ. ಬರೆದವರಿಗೆ ಆ ಊಟ, ಆ ಹಬ್ಬ, ಆ ಹೆಸರುಗಳ ಪರಿಚಯ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅವರು ಹೊಗಳುತ್ತಿರುವುದು ಒಳ್ಳೆಯ ಉದ್ದೇಶವನ್ನು. ಅದೂ ಬೇಕಾದದ್ದೇ. ಆದರೆ ಪಾತ್ರಗಳ ಹೆಸರು ಒಂದೇ ಸೀಮೆಯವೋ, ಎಲ್ಲ ಕಡೆಯಿಂದ ಆರಿಸಿ ಕಲಸಿದ್ದೋ, ಒಬ್ಬ ಮಗಳು ಅಪ್ಪನ ಹತ್ತಿರ ಹಾಗೆ ಮಾತಾಡುತ್ತಾಳೋ ಇಲ್ಲವೋ ಎಂದು ಹೇಳಬಲ್ಲವರು ನಾವು. ದಯವಿಟ್ಟು ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷ್‌ನಲ್ಲೂ ಬರೆಯಿರಿ. ಈ ಪುಸ್ತಕಗಳ ಬಗ್ಗೆ ಇಲ್ಲಿಂದ ಹೋಗುವ ದನಿ ತುಂಬಾ ಕಡಿಮೆ.

ಪ್ರಶಸ್ತಿಗಳನ್ನು ಎಷ್ಟು ನಂಬಬೇಕು

2004ರ ಎಬೆರಾನ್ ಪುಸ್ತಕಕ್ಕೆ ಆ ವರ್ಷದ ಅತ್ಯುತ್ತಮ ಸಪ್ಲಿಮೆಂಟ್ ಎಂದು ಒರಿಜಿನ್ಸ್ ಪ್ರಶಸ್ತಿ ಬಂತು. ಇನ್ನೊಂದು ದೊಡ್ಡ ಪ್ರಶಸ್ತಿ ಎನ್ನೀಸ್. ಅದರಲ್ಲಿ ಪ್ರಕಾಶಕರು ತಾವೇ ಪುಸ್ತಕ ಕಳಿಸಬೇಕು, ಜನ ಆರಿಸಿದ ಐವರು ತೀರ್ಪುಗಾರರು ಅವುಗಳಲ್ಲಿ ಕೆಲವನ್ನು ಆಯ್ದುಕೊಳ್ಳುತ್ತಾರೆ, ಆಮೇಲೆ ಸಾರ್ವಜನಿಕರು ಮತ ಹಾಕುತ್ತಾರೆ. ಅಂದರೆ ಅಂತಿಮ ಪಟ್ಟಿಗೆ ಬಂದದ್ದು ಒಂದು ಮೆಚ್ಚುಗೆ, ಗೆದ್ದದ್ದು ಇನ್ನೊಂದು ಬಗೆಯ ಮೆಚ್ಚುಗೆ. ಮತ ಬಂದಾಗ ದೊಡ್ಡ ಹೆಸರಿಗೆ ಅನುಕೂಲ ಇದ್ದೇ ಇರುತ್ತದೆ. ಚಿಕ್ಕ ಪ್ರಕಾಶಕರ ಹೊಸ ಲೋಕ ಹುಡುಕುವವರು ಗೆದ್ದವರಿಗಿಂತ ಅಂತಿಮ ಪಟ್ಟಿಯನ್ನೇ ನೋಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಮಾಡುವ ಕ್ರಮ

ಮೂರು ಸ್ಟಾರಿನ ರಿವ್ಯೂಗಳನ್ನು ಮೊದಲು ಓದುತ್ತೇನೆ. ಇಷ್ಟವಾದದ್ದು, ಆಗದ್ದು ಎರಡನ್ನೂ ಅವರು ತೂಗಿ ನೋಡಿರುತ್ತಾರೆ. ಆಮೇಲೆ ಒಂದು ಸ್ಟಾರಿನವು. ಅಲ್ಲಿ ಪುಸ್ತಕ ಹರಿದು ಬಂತು, ತಡವಾಗಿ ಬಂತು ಎಂಬುದನ್ನೆಲ್ಲ ಬಿಟ್ಟು, ಪುಸ್ತಕದ ಒಳಗಿನ ಮಾತು ಆಡಿದವರನ್ನು ಮಾತ್ರ ಓದುತ್ತೇನೆ. ಐದು ಸ್ಟಾರಿನವನ್ನು ಕೊನೆಗೆ. ಬರಹದ ನಡುವೆ ಕೊಳ್ಳುವ ಲಿಂಕ್ ಇದ್ದರೆ ಬರೆದವರಿಗೆ ಅದರಿಂದ ಕಮಿಷನ್ ಬರಬಹುದು. ಅದು ಅಪರಾಧವಲ್ಲ, ಗಮನದಲ್ಲಿರಲಿ ಅಷ್ಟೇ.

ಮುಂದಿನದು ನನಗೆ ಎಲ್ಲಕ್ಕಿಂತ ಮುಖ್ಯ. ಪ್ರಕಾಶಕರು ಉಚಿತವಾಗಿ ತೋರಿಸುವ ಪುಟಗಳಲ್ಲಿ, ಇಲ್ಲವೇ ಗೆಳೆಯರ ಪ್ರತಿಯಲ್ಲಿ, ಯಾವುದಾದರೂ ಒಂದು ಊರಿನ ವಿವರ ತೆಗೆಯಿರಿ. ಹೆಸರಾಂತ ಊರು ಬೇಡ, ಮೂಲೆಯ ಊರು ಇರಲಿ. ಅದನ್ನು ಓದಿ ಹದಿನೈದು ನಿಮಿಷದಲ್ಲಿ ಒಂದು ಸೆಷನ್‌ಗೆ ಆಗುವಷ್ಟು ಬರೆಯಲು ನೋಡಿ. ಒಬ್ಬ ಎನ್‌ಪಿಸಿ (ಡಿಎಂ ಆಡಿಸುವ ಪಾತ್ರ), ಅವನಿಗೆ ಬೇಕಾದದ್ದೊಂದು, ಅದಕ್ಕೆ ಅಡ್ಡ ಬಂದವರೊಬ್ಬರು, ಆಟಗಾರರು ಹೋಗಲೇಬೇಕಾದ ಒಂದು ಜಾಗ. ಬರೆಯಲು ಆದರೆ ಪುಸ್ತಕ ನಿಮ್ಮದು. ರಾಜರ ವಂಶಾವಳಿ, ಸಾವಿರ ವರ್ಷದ ಹಿಂದಿನ ಯುದ್ಧ ಇಷ್ಟೇ ಸಿಕ್ಕಿ, ಇವತ್ತು ಆ ಊರಲ್ಲಿ ಯಾರಿಗೆ ಏನು ಬೇಕು ಎಂದು ತಿಳಿಯದಿದ್ದರೆ, ರಿವ್ಯೂಗಳು ಎಷ್ಟೇ ಹೊಗಳಲಿ, ಬಿಟ್ಟುಬಿಡಿ.

ಪುಟಗಳ ಸಂಖ್ಯೆಗೂ ನಿಮ್ಮ ನಿರೀಕ್ಷೆಗೂ ತಾಳೆ ಹಾಕಿ. 2015ರ ‘ಸೋರ್ಡ್ ಕೋಸ್ಟ್ ಅಡ್ವೆಂಚರರ್ಸ್ ಗೈಡ್’ 160 ಪುಟದ್ದು, ಒಂದು ಕರಾವಳಿಗೇ ಹೆಚ್ಚು ಜಾಗ ಕೊಟ್ಟದ್ದು. 2001ರ 320 ಪುಟದ ಫರ್ಗಾಟನ್ ರೆಲ್ಮ್ಸ್ ಪುಸ್ತಕದಂಥದ್ದು ಬರುತ್ತದೆ ಎಂದು ಕಾದವರಿಗೆ ಅದು ತೆಳು ಅನಿಸಿತು. ಹೆಸರಿನಲ್ಲೇ ಕರಾವಳಿ ಎಂದಿತ್ತು. ಕರಾವಳಿ ಮಾತ್ರ ಬೇಕಿದ್ದ ಡಿಎಂಗಳು ಅದನ್ನು ಇಟ್ಟುಕೊಂಡೇ ವರ್ಷಗಟ್ಟಲೆ ಆಟ ನಡೆಸಿದರು.

ಕೊಂಡು ಆಡಿದ ಮೇಲೆ ನೀವೂ ಒಂದು ರಿವ್ಯೂ ಬರೆಯಿರಿ. ಉದ್ದ ಬೇಡ. ಯಾವ ಎಡಿಷನ್, ಅಚ್ಚಿನ ಪ್ರತಿಯೋ ಪಿಡಿಎಫೋ, ಯಾವ ತಿಂಗಳು ಕೊಂಡಿರಿ, ಎಷ್ಟು ಜನ ಆಡಿದಿರಿ, ಹಳಬರೋ ಹೊಸಬರೋ. ಪುಸ್ತಕದ ಯಾವ ಅಧ್ಯಾಯ ಹೆಚ್ಚು ತೆರೆದಿರಿ, ಯಾವುದನ್ನು ತೆರೆಯಲೇ ಇಲ್ಲ. ಆಟಗಾರರಿಗೆ ಏನು ನೆನಪಿನಲ್ಲಿ ಉಳಿಯಿತು ಎಂದು ಅವರನ್ನೇ ಕೇಳಿ ಬರೆಯಿರಿ. ನಮ್ಮ ಬ್ಯಾಂಕಿನವರನ್ನು ಕೇಳಿದರೆ ಅವರು ಶಾರ್ನ್‌ನ ಗೋಪುರಗಳ ಹೆಸರು ಹೇಳುವುದಿಲ್ಲ. ಕುಂಡರಾಕ್ ಮನೆತನದ ಬ್ಯಾಂಕಿನಲ್ಲಿ ಸಾಲ ತೀರಿಸದವರನ್ನು ಹೇಗೆ ಹುಡುಕುತ್ತಾರೆ ಎಂದು ಅರ್ಧ ಗಂಟೆ ಹೇಳುತ್ತಾರೆ. ಅದನ್ನೂ ರಿವ್ಯೂನಲ್ಲಿ ಹಾಕಿ. ಕೊನೆಯಲ್ಲಿ ಸಾಗಾಟ, ತೆರಿಗೆ ಎಲ್ಲ ಸೇರಿ ನೀವು ಕೊಟ್ಟ ಒಟ್ಟು ಮೊತ್ತವನ್ನು ರೂಪಾಯಿಯಲ್ಲಿ ಬರೆಯಿರಿ. ಡಾಲರ್ ಬೆಲೆ ಎಲ್ಲ ಕಡೆ ಸಿಗುತ್ತದೆ, ಇದು ಸಿಗುವುದಿಲ್ಲ.